ಕೂರಲು ಒಂದು ಬಂಡೆ

ಕಾವಲುಗಾರನ ಕುರ್ಚಿಯನ್ನು ಬೆಳಿಗ್ಗೆ ಎತ್ತಿಕೊಂಡು ಹೋದರು.

ಅದು ಹೋಗಿದ್ದು ವಸ್ತುಸಂಗ್ರಹಾಲಯದ ಮೇಲ್ವಿಚಾರಕರ ಕೋಣೆಗೆ. ಅಲ್ಲಿ ಒಂದು ಹೂಕುಂಡಕ್ಕೆ ಆಸರೆ ಬೇಕಾಗಿತ್ತು.

ಕಾವಲುಗಾರ ವರ್ಷಗಟ್ಟಲೆ ‘ನಾಗರಿಕತೆ’ ವಿಭಾಗದ ಬಾಗಿಲಲ್ಲಿ ನಿಂತವನು. ಜೊತೆಯವರು ಅವನನ್ನು ಕಂಬಣ್ಣ ಅಂತಲೇ ಕರೆಯುತ್ತಿದ್ದರು. ಮಂಡಿ ಮಡಿಸಿದರೆ ತುಕ್ಕು ಹಿಡಿದ ಗೇಟು ತೆಗೆದ ಹಾಗೆ ಸದ್ದು ಬರುತ್ತಿತ್ತು. ಡಾಕ್ಟರ ಚೀಟಿ ತೋರಿಸಿ, ಗೋಗರೆದು ಗಿಟ್ಟಿಸಿಕೊಂಡಿದ್ದ ಕುರ್ಚಿ ಅದು.

“ಇವತ್ತು ದೊಡ್ಡ ಸಾಹೇಬರು ಬರ್ತಾರೆ,” ಎಂದರು ಮೇಲ್ವಿಚಾರಕರು. “ದೊಡ್ಡವರ ಮುಂದೆ ಕೂತಿರೋದು ನಾಗರಿಕತೆ ಏನಯ್ಯಾ?”

“ಹೂಕುಂಡ ಕೂರಬಹುದಾ ಸಾರ್?”

“ಅದು ಎದುರು ಮಾತಾಡಲ್ಲ.”

ಜನ ಬರಲು ಇನ್ನೂ ಹೊತ್ತಿತ್ತು. ಕಂಬಣ್ಣ ಕುಂಟುತ್ತಾ ಟಿಕೆಟ್ ಕೊಡುವ ಅಕ್ಕನ ಹತ್ತಿರ ಹೋದ. ಅವಳ ಪಕ್ಕದ ಸ್ಟೂಲಿನ ಮೇಲೆ ಕೈಚೀಲ ಆರಾಮಾಗಿ ಕೂತಿತ್ತು.

“ಆ ಚೀಲ ಸ್ವಲ್ಪ ಕೆಳಗಿಡ್ತೀಯೇನಕ್ಕಾ?”

“ಹೆಂಗಸರ ಚೀಲ ನೆಲಕ್ಕಿಡು ಅನ್ನೋದು ಯಾವ ನಾಗರಿಕತೆ ಕಂಬಣ್ಣಾ? ಹೋಗು, ಮೆಟ್ಟಿಲಿದೆಯಲ್ಲ.”

ಮೆಟ್ಟಿಲಿತ್ತು. ಉಸ್ಸೆಂದು ಕೂತೂಬಿಟ್ಟ. ಕೂತ ಮೇಲೆ ತಿಳಿಯಿತು, ಈಗಷ್ಟೇ ಒರೆಸಿದ್ದಾರೆ ಅಂತ. ಕಸಗುಡಿಸುವ ಚಿಕ್ಕಮ್ಮ ಬಕೆಟ್ ಹಿಡಿದು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದಳು.

“ಒರೆಸಿದ ಜಾಗದಲ್ಲೇ ಕುಂಡೆ ಊರಬೇಕಾ? ಇಷ್ಟು ವರ್ಷ ನಾಗರಿಕತೆ ಕಾದ್ಯಲ್ಲಪ್ಪಾ, ನಿಂಗೆ ಒಂಚೂರಾದ್ರೂ ಅಂಟಬೇಕಿತ್ತು.”

ಪ್ಯಾಂಟಿನ ಹಿಂಭಾಗ ತೊಯ್ದು ತೊಪ್ಪೆ. ಸಾಹೇಬರೆದುರು ಹೀಗೆ ನಿಂತರೆ ಏನಂದುಕೊಂಡಾರು! ಗೋಡೆಗೆ ಬೆನ್ನು ಹಚ್ಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತಾ ಕಂಬಣ್ಣ ತನ್ನ ವಿಭಾಗ ಸೇರಿದ. ಅಲ್ಲಿ ಸಿಂಹಾಸನವಿತ್ತು, ಮಂಚವಿತ್ತು, ಕೆತ್ತನೆಯ ಪೀಠಗಳಿದ್ದವು. ಎಲ್ಲಕ್ಕೂ ಹಗ್ಗ, ಎಲ್ಲದರ ಮುಂದೂ ‘ಮುಟ್ಟಬಾರದು’ ಫಲಕ. ನಾಗರಿಕತೆಯಲ್ಲಿ ಎಲ್ಲೂ ಕೂರುವಂತಿರಲಿಲ್ಲ. ಹಗ್ಗವಿಲ್ಲದ್ದು ಮೂಲೆಯ ಕತ್ತಲ ಗುಹೆಗೆ ಮಾತ್ರ. ಅದರ ಫಲಕದಲ್ಲಿ ‘ನಾಗರಿಕತೆಗೆ ಮುಂಚೆ’ ಎಂದಿತ್ತು. ಒಳಗೆ ತೊಗಲು ಹೊದ್ದು ಕಲ್ಲುಕೊಡಲಿ ಎತ್ತಿದ ಆದಿಮಾನವನ ಗೊಂಬೆ, ಪಕ್ಕದಲ್ಲೊಂದು ನುಣುಪು ಬಂಡೆ.

ಕಂಬಣ್ಣ ಪ್ಯಾಂಟು ಕಳಚಿ ಕೊಡಲಿಗೆ ಒಣಹಾಕಿದ. ಗೊಂಬೆಯ ತೊಗಲನ್ನು ಸಾಲ ತೆಗೆದುಕೊಂಡು ಕುತ್ತಿಗೆಯಿಂದ ತೊಡೆಯವರೆಗೆ ಹೊದ್ದ. ಬರಿಮೈಯಾಗಿ ನಿಂತ ಆದಿಮಾನವ ಇನ್ನಷ್ಟು ಹಿಂದಿನ ಕಾಲಕ್ಕೆ ಹೋದ. ಬಂಡೆಯ ಮೇಲೆ ಕೂತ ಕಂಬಣ್ಣನಿಗೆ ತವರಿಗೆ ಬಂದಷ್ಟು ಸುಖವಾಯಿತು.

ಅಷ್ಟರಲ್ಲಿ ಬೂಟಿನ ಸದ್ದು. ಸಾಹೇಬರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಕಂಬಣ್ಣ ಉಸಿರು ಬಿಗಿಹಿಡಿದ.

ಸಿಂಹಾಸನದ ಮುಂದೆ ಆಕಳಿಸಿದ ಸಾಹೇಬರು ಗುಹೆಯ ಮುಂದೆ ನಿಂತೇಬಿಟ್ಟರು.

“ಎಂಥ ಕೆಲಸ ರೀ ಇದು. ಆ ಮುಖದ ದಣಿವು ನೋಡಿ. ದಿನವಿಡೀ ಬೇಟೆಗೆ ಅಲೆದು ಈಗಷ್ಟೇ ಕೂತ ಹಾಗಿದೆ.”

ಮೇಲ್ವಿಚಾರಕರು ಗುರುತು ಹಿಡಿದರು. “ಹೊ... ಹೊಸದು ಸಾರ್,” ಎಂದು ಬೆವರೊರೆಸಿಕೊಂಡರು.

ಸಾಹೇಬರು ಪೆನ್ನಿನಿಂದ ಮಂಡಿಗೆ ತಟ್ಟಿದರು. ಗೇಟು ಕಿರ್ರೆಂದಿತು. “ಅಯ್ಯಮ್ಮಾ,” ಎಂದಿತು ಗೊಂಬೆ.

ಮೇಲ್ವಿಚಾರಕರು ಬಾಯಿಗೆ ಬಂದ ಹಾಗೆ ಬಯ್ಯತೊಡಗಿದರು. ಕೆಲಸ ಹೋಯಿತು ಎಂದುಕೊಂಡ ಕಂಬಣ್ಣ. ಆದರೆ ಸಾಹೇಬರು ಹೊಟ್ಟೆ ಹಿಡಿದು ನಕ್ಕರು.

“ಯಾಕ್ರೀ ಬಯ್ತೀರಿ? ಇದನ್ನ ನೋಡೋಕೆ ಜನ ಮುಗಿಬೀಳ್ತಾರೆ. ನಾಳೆಯಿಂದ ಇವನು ಇಲ್ಲೇ ಕೂರಲಿ.”

“ನಿಜವಾಗ್ಲೂ ಕೂರಬಹುದಾ ಸಾರ್?” ಎಂದ ಕಂಬಣ್ಣ.

“ಕೂರಲೇಬೇಕು. ಅಲ್ಲಾಡಬಾರದು. ಮಾತಾಡಬಾರದು. ಒಳಗೆ ಅಂಗಿ ಬೇಡ.”

“ಮಂಡಿ ಹಿಡ್ಕೊಂಡ್ರೆ ಕಾಲು ಚಾಚಬಹುದಾ?”

“ಆ ಕಾಲದವರಿಗೆ ಎಲ್ಲಿಯ ಮಂಡಿನೋವಯ್ಯಾ?” ಎಂದು ಸಾಹೇಬರು ಮತ್ತೆ ನಕ್ಕರು. ಮೇಲ್ವಿಚಾರಕರೂ ನಕ್ಕರು.

ಕಂಬಣ್ಣ ತಲೆಯ ಮೇಲಿನ ಫಲಕ ನೋಡಿದ. ಆಚೆ, ತೆರೆದ ಬಾಗಿಲಿನ ಕೋಣೆಯಲ್ಲಿ, ಅವನ ಕುರ್ಚಿಯ ಮೇಲೆ ಹೂಕುಂಡ ಫ್ಯಾನಿನ ಗಾಳಿಗೆ ತಲೆದೂಗುತ್ತಾ ಕೂತಿತ್ತು.

ಅವನು ಮೆಲ್ಲಗೆ ಎದ್ದ. ಒದ್ದೆ ಪ್ಯಾಂಟು ಏರಿಸಿದ. ತೊಗಲನ್ನು ಗೊಂಬೆಗೆ ಹೊದಿಸಿ, ಮಗುವಿಗೆ ಮಾಡುವ ಹಾಗೆ ಅಂಚು ಸರಿಮಾಡಿದ. ಕುಂಟುತ್ತಾ ಹೋಗಿ ಬಾಗಿಲ ಪಕ್ಕ ತನ್ನ ಜಾಗದಲ್ಲಿ ನಿಂತ.

“ಏಯ್, ಸಾಹೇಬರು ಕೂರು ಅಂದಿದ್ದು ಕೇಳಿಸಲಿಲ್ವೇನೋ?”

“ಕೇಳಿಸ್ತು ಸಾರ್. ಕೂರಲ್ಲ.”