ಖಾಲಿ ಬಿಡಬೇಕಾದ ಐವತ್ತು ಹೆಜ್ಜೆ

ತಪ್ಪನ್ನು ಕಂಡರೆ ಸುಮ್ಮನಿರಲಾರದವರಲ್ಲಿ ಎರಡು ಬಗೆ. ಯಾರೋ ಹೀಗೆ ಮಾಡಿದ್ದಾರೆಂದು ಗೊಣಗಿ ಮುಂದೆ ಹೋಗುವವರು ಒಂದು ಬಗೆ. ಮಾಡಿದವನ ಹೆಸರು, ತಂದೆಯ ಹೆಸರು, ಊರು, ಓಣಿಗಳನ್ನು ಬರೆದು ಮೇಲಿನವರಿಗೆ ಕಳುಹಿಸುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಗೆ ಸೇರಿದವನು. ಹೆಸರಿಲ್ಲದ ತಪ್ಪನ್ನು ಯಾರೂ ತಮ್ಮದೆನ್ನುವುದಿಲ್ಲ, ಆದ್ದರಿಂದ ಅದು ಎಂದಿಗೂ ಸರಿಹೋಗುವುದಿಲ್ಲ ಎಂಬುದು ನಾನು ಓದಿದ ಶಾಲೆ ನನಗೆ ಕಲಿಸಿದ ಮುಖ್ಯ ಪಾಠ. ಮಸ್ಕಿಗೆ ಮಾಸ್ತರನಾಗಿ ಬಂದ ಮೇಲೆ ಬಾವಿಗೆ ಕಟ್ಟೆಯಿಲ್ಲದ್ದು, ಮದುವೆಯ ದಿಬ್ಬಣ ಬಸ್ಸಿನ ನೆತ್ತಿಯ ಮೇಲೆ ಕೂತು ಬಂದದ್ದು, ಚಹದ ಅಂಗಡಿಯಲ್ಲಿ ಕೆಲವರಿಗೆ ಬೇರೆ ಬಟ್ಟಲು ಇಟ್ಟದ್ದು, ಒಂದೊಂದಕ್ಕೂ ಲಿಂಗಸುಗೂರಿನ ತಹಸೀಲು ಕಚೇರಿಗೆ ಒಂದೊಂದು ಅರ್ಜಿ ಬರೆದೆ. ಊಟದ ಹೊತ್ತಿನಲ್ಲಿ ನಾನು ತಟ್ಟೆಯನ್ನು ತುಸು ಹೆಚ್ಚು ಹೊತ್ತು ನೋಡಿದರೆ ನನ್ನ ಹೆಂಡತಿ, "ಸಾರಿಗೆ ಉಪ್ಪು ಕಡಿಮಿ ಆಗಿದ್ರ ಲಿಂಗಸುಗೂರಿಗೆ ಬರಿಬ್ಯಾಡ್ರಿ, ನನಗ ಹೇಳ್ರಿ ಸಾಕು," ಎನ್ನುತ್ತಿದ್ದಳು.

ಕಾರಹುಣ್ಣಿಮೆ ಕಳೆದ ವಾರ ಹಳ್ಳದ ದಂಡೆಯ ಬಯಲಿನಲ್ಲಿ ಎತ್ತುಗಳಿಂದ ಕಲ್ಲು ಎಳೆಸುವ ಪಂದ್ಯ ಮಸ್ಕಿಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಸರಪಳಿ ಬಿಗಿದ ದೊಡ್ಡ ಕಲ್ಲನ್ನು ಹೆಚ್ಚು ದೂರ ಎಳೆದ ಜೋಡಿಗೆ ಬೆಳ್ಳಿಯ ಕಡಗ. ನಿಜಾಮರ ಕೊನೆಯ ದಿನಗಳ ಗಲಭೆಯಲ್ಲಿ ನಾಲ್ಕು ಜನ ಸೇರುವುದೇ ಕಷ್ಟವಾಗಿ ಪಂದ್ಯ ನಿಂತಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿದು ಎಲ್ಲ ಶಾಂತವಾಗಿ, ಅದು ಮತ್ತೆ ಆರಂಭವಾಗಬೇಕಿದ್ದ ವರ್ಷ ಅದನ್ನು ನಿಲ್ಲಿಸಿದವನು ನಾನು. ಬೆದರಿದ ಜೋಡಿಯೊಂದು ಜನರ ಮೇಲೆ ನುಗ್ಗಿ ಒಬ್ಬನ ಕಾಲು ಮುರಿದದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವನಾದ್ದರಿಂದ, ಏರ್ಪಾಟಿನಲ್ಲಿದ್ದ ಹದಿನಾಲ್ಕು ದೋಷಗಳನ್ನು ಪಟ್ಟಿ ಮಾಡಿ ತಹಸೀಲಿಗೆ ಕಳುಹಿಸಿದೆ. ಅಷ್ಟನ್ನೂ ತಹಸೀಲು ಒಂದೇ ದಿನದಲ್ಲಿ ಒಪ್ಪಿಕೊಂಡಿತು. ಬಳಗಾನೂರಿನಿಂದ ಎತ್ತು ಹೊಡೆದುಕೊಂಡು ಬಂದಿದ್ದ ಇಮಾಮಸಾಬರೆಂಬ ರೈತರು ಬಯಲಿನಲ್ಲಿ ಪೊಲೀಸನನ್ನು ಕಂಡು ಬಂದ ದಾರಿಯಲ್ಲಿಯೇ ಹಿಂದಿರುಗಿದರು.

ಮರುವರ್ಷ ಪಂದ್ಯದ ಹಿರಿಯರಾದ ಕಿರಾಣಿ ಅಂಗಡಿಯ ವೀರಭದ್ರಪ್ಪನವರು ನೇರವಾಗಿ ನಮ್ಮ ಮನೆಗೆ ಬಂದರು. "ಮಾಸ್ತರ, ತಪ್ಪು ಹುಡುಕೋರು ನೀವ, ಕಾಯದೇನೂ ನೀವ ಬರೀರಿ, ತಹಸೀಲಿಂದ ಇಜಾಜತ್ತೂ ನೀವ ತರ್ರಿ. ಈ ಸಲ ನಿಂತ್ರ ಮಂದಿ ನನ್ನ ಅಂಗಡಿಗೆ ಬರಂಗಿಲ್ಲ, ನಿಮ್ಮ ಮನಿ ಕಟ್ಟಿಗೆ ಬರ್ತಾರ."

ನಾನು ಹದಿನೇಳು ನಿಯಮಗಳನ್ನು ಬರೆದೆ. ಜನ ಹಗ್ಗದ ಹಿಂದೆ ನಿಲ್ಲತಕ್ಕದ್ದು; ಬಾರುಕೋಲಿಗೆ ಮೊಳೆ ಇರಕೂಡದು; ಔಷಧದ ಪೆಟ್ಟಿಗೆಯೊಂದಿಗೆ ಸಿಂಧನೂರಿನಿಂದ ಕಂಪೌಂಡರನನ್ನು ಕರೆಸತಕ್ಕದ್ದು. ನನಗೆ ಅತ್ಯಂತ ಪ್ರಿಯವಾದದ್ದು ಐದನೆಯದು: ಎತ್ತು ಬೆದರಿ ಓಡಿದರೆ ದಾರಿಯಿರಲೆಂದು ಓಟದ ಕೊನೆಗೆ ಐವತ್ತು ಹೆಜ್ಜೆ ಖಾಲಿ ಬಿಡತಕ್ಕದ್ದು; ಅಲ್ಲಿ ಮನುಷ್ಯರು ಕಂಡರೆ ಜೋಡಿಯನ್ನು ಇದ್ದಲ್ಲಿಯೇ ನಿಲ್ಲಿಸತಕ್ಕದ್ದು, ನಿಂತ ಜಾಗವೇ ಅಳತೆ; ನಿಂತವರ ಹೆಸರು ಬರೆದುಕೊಳ್ಳತಕ್ಕದ್ದು. ಗೌಡರನ್ನು ಮನಸ್ಸಿನಲ್ಲಿಟ್ಟುಕೊಂಡು ಹದಿನೇಳನೆಯದನ್ನು ಬರೆದೆ: ಯಾರಿಗೂ ಯಾವ ಕಾರಣಕ್ಕೂ ರಿಯಾಯಿತಿ ಇಲ್ಲ. ಲಿಂಗಸುಗೂರಿನ ಕಚೇರಿಯಲ್ಲಿ ಅರ್ಜಿ ಕಾಗದ ನೋಡುವ ಪೇಶಕಾರರು ಉರ್ದು ಬಿಟ್ಟು ಕನ್ನಡಕ್ಕೆ ಇನ್ನೂ ಒಗ್ಗುತ್ತಿದ್ದರು. ಕಾಗದವನ್ನು ಬೆರಳಿಟ್ಟು ಓದಿ, "ಮಾಸ್ತರ್ ಸಾಹೇಬ್, ಇದರಾಗ ಎತ್ತಿಗೆ ಜಾಗಾ ಐತಿ, ಮಂದಿಗೆ ಎಲ್ಲೈತ್ರೀ?" ಎಂದರು. ಆದರೂ ಮೊಹರು ಹಾಕಿದರು.

ಪಂದ್ಯಕ್ಕೆ ನಾಲ್ಕು ದಿನ ಮೊದಲು ಇಮಾಮಸಾಬರು ಶಾಲೆಗೆ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ನಿಯಮಗಳನ್ನು ನನ್ನಿಂದ ಮೂರು ಸಲ ಓದಿಸಿಕೊಂಡರು. "ನಮ್ಮ ಕೆಂದೆತ್ತಿಗೆ ವಯಸ್ಸಾಗೇತ್ರಿ. ಮುಂದಿನ ಕಾರಹುಣ್ಣಿಮಿಗೆ ಕಲ್ಲಿಗೆ ಕಟ್ಟಾಕ ಆಗಂಗಿಲ್ಲ. ಹೋದ ವರ್ಷ ಹಂಗಾತು. ಈ ವರ್ಷ ನನ್ನ ಕಡಿಂದ ಏನೂ ತಪ್ಪಾಗಬಾರ್ದು," ಎಂದರು. ಒಬ್ಬ ನಾಗರಿಕನಾದರೂ ಕಾಯಿದೆಯನ್ನು ಇಷ್ಟು ಗೌರವಿಸಿದ್ದಕ್ಕೆ ನನಗೆ ತೃಪ್ತಿಯಾಯಿತು. ಹೋದ ವರ್ಷ ಹಂಗಾಗಿದ್ದು ಯಾರಿಂದ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಂದ್ಯದ ದಿನ ಬಿಸಿಲು ವಿಪರೀತವಾಗಿತ್ತು. ಬಯಲಿನಲ್ಲಿದ್ದದ್ದು ಒಂದೇ ಬೇವಿನ ಮರ. ಅದು ನನ್ನ ಐವತ್ತು ಹೆಜ್ಜೆಗಳ ಒಳಗೇ ಬಂದಿತ್ತು. ಬೆಳಗಿನಿಂದ ನಾನು ಆ ನೆರಳಿನಿಂದ ಮುದುಕರನ್ನು, ಬಾಣಂತಿಯೊಬ್ಬಳನ್ನು, ಪೊಲೀಸನನ್ನು ಎಬ್ಬಿಸಿ ಹಗ್ಗದ ಹಿಂದಕ್ಕೆ ಕಳುಹಿಸಿ ಹೆಸರುಗಳನ್ನು ಬರೆದುಕೊಂಡಿದ್ದೆ. ಮೂರು ಜೋಡಿಗಳು ಎಳೆದು ಮುಗಿಸಿದವು. ತುರ್ವಿಹಾಳದ ಜೋಡಿ ಕಲ್ಲನ್ನು ಖಾಲಿ ಜಾಗದ ಅಂಚಿನ ಸಮೀಪದವರೆಗೆ ತಂದು ನಿಲ್ಲಿಸಿದ್ದರಿಂದ ಅಲ್ಲಿ ಕೆಂಪು ನಿಶಾನೆ ನೆಟ್ಟರು. ಮುಂದಿನದು, ಕೊನೆಯದು, ಇಮಾಮಸಾಬರ ಸರದಿ. ಆಗ ವೀರಭದ್ರಪ್ಪನವರು ಮರದ ಕೆಳಗೆ ಕುರ್ಚಿಯೊಂದನ್ನು ತಂದಿಟ್ಟು, "ಮುಂಜಾನಿಂದ ನಿಂತೀರಿ ಮಾಸ್ತರ. ಇಷ್ಟೆಲ್ಲಾ ನಿಮ್ಮಿಂದ ಆಗಾಕತ್ತೈತಿ. ಕುಂದರ್ರಿ," ಎಂದು ಹೋದರು. ಆ ಊರಿನಲ್ಲಿ ನನಗೆ ಯಾರೂ ಅದುವರೆಗೆ ಕುರ್ಚಿ ತಂದಿಟ್ಟಿರಲಿಲ್ಲ. ಅಲ್ಲಿಂದ ದೋಷಗಳು ಇನ್ನಷ್ಟು ಚೆನ್ನಾಗಿ ಕಾಣುತ್ತವೆಂದು ಸಮಾಧಾನ ಹೇಳಿಕೊಂಡು ಕುಳಿತೆ. ಅಲ್ಲಿ ಮನುಷ್ಯರು ಇರಕೂಡದೆಂದು ಬರೆದವನೂ ಮನುಷ್ಯರಲ್ಲಿ ಸೇರುತ್ತಾನೆಂಬುದು ಆ ನೆರಳಿನಲ್ಲಿ ನನಗೆ ಹೊಳೆಯಲಿಲ್ಲ. ಮೊಳೆಯ ಬಾರುಕೋಲು ಹಿಡಿದು ನಿಂತಿದ್ದ ಒಬ್ಬನ ತಂದೆಯ ಹೆಸರನ್ನು ಟಿಪ್ಪಣಿ ಮಾಡುತ್ತಿದ್ದೆ.

ಕೆಂದೆತ್ತು ಮೊಣಕಾಲೂರಿ ಎದ್ದು ಎಳೆಯುತ್ತಿತ್ತು. ಜನ ಸಿಳ್ಳು ಹಾಕುತ್ತಿದ್ದರು. ನಿಶಾನೆಗೆ ಎರಡು ಮೊಳ ಉಳಿದಾಗ ಇಮಾಮಸಾಬರು ತಲೆಯೆತ್ತಿ ನೋಡಿದರು. ಎದುರಿಗೆ ನಾನಿದ್ದೆ. ಅವರು "ಹೋ, ಹೋ" ಎಂದು ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿಬಿಟ್ಟರು.

ಹಗ್ಗದ ಹಿಂದಿನಿಂದ ಯಾರೋ, "ಯಾಕ ನಿಂದ್ರಿಸ್ದಿ ಮಾವಾ, ಹೊಡಿ," ಎಂದರು. ಇಮಾಮಸಾಬರು ನನ್ನ ಕಡೆ ಕೈ ಮಾಡಿ, "ಮಂದಿ ಕುಂತಾರಲ್ಲೋ. ಐದನೇ ಕಾಯದೆ," ಎಂದರು. ಇನ್ನೊಮ್ಮೆ ಎಳೆಯಲು ಬಿಡಬೇಕೆಂದು ತಹಸೀಲಿನ ಪರವಾಗಿ ಪಂದ್ಯ ನೋಡಲು ಬಂದಿದ್ದ ಪೇಶಕಾರರ ಬಳಿ ನಾನೇ ಹೋಗಿ ಕೇಳಿದೆ. ಅವರು ಜೇಬಿನಿಂದ ಕಾಗದ ತೆಗೆದು, ಬೆರಳಿಟ್ಟು, ಹದಿನೇಳನೆಯದನ್ನು ನನಗೇ ಓದಿ ಹೇಳಿದರು. ಈ ಸಲ ಒಂದು ಅಕ್ಷರವೂ ತೊಡರಲಿಲ್ಲ. ಕಡಗ ತುರ್ವಿಹಾಳಕ್ಕೆ ಹೋಯಿತು. ಇಮಾಮಸಾಬರು ಕೆಂದೆತ್ತಿನ ಬೆನ್ನು ಒರೆಸುತ್ತ, "ಇರ್ಲಿ ಬಿಡ್ರಿ ಮಾಸ್ತರ, ನಿಮ್ಮ ಕಾಲು ಉಳೀತು," ಎಂದರು. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಬಹಳ ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ತಹಸೀಲಿಗೆ ಕಳುಹಿಸಿದ ವರದಿಯಲ್ಲಿ ಆ ದಿನದ ದೋಷಗಳೆಲ್ಲವೂ ಹೆಸರು ಸಹಿತ ಇದ್ದವು. ಕೊನೆಯದು ಹೀಗಿತ್ತು: ಖಾಲಿ ಜಾಗದಲ್ಲಿ ಒಬ್ಬ ವ್ಯಕ್ತಿ ಕುರ್ಚಿಯ ಮೇಲೆ ಕುಳಿತದ್ದು ಕಂಡುಬಂತು, ಹೆಸರು ತಿಳಿದುಬಂದಿಲ್ಲ.

ಮರುವರ್ಷ ಕೆಂದೆತ್ತು ಬರಲಿಲ್ಲ. ಇಮಾಮಸಾಬರು ಬಂದಿದ್ದರು. ಕಾಯಿದೆ ಬಾಯಿಪಾಠವಿದ್ದವರು ಅವರೊಬ್ಬರೇ ಎಂದು ಖಾಲಿ ಜಾಗದ ಕಾವಲಿಗೆ ಅವರನ್ನೇ ಕೋಲು ಕೊಟ್ಟು ನಿಲ್ಲಿಸಿದ್ದರು. ಮಾತಾಡಿಸಿಬರೋಣವೆಂದು ನಾನು ಬೇವಿನ ಮರದತ್ತ ನಾಲ್ಕು ಹೆಜ್ಜೆ ಹಾಕಿದ್ದೆನಷ್ಟೇ.

"ಮಾಸ್ತರ, ಅಲ್ಲಿ ನಿಂದರಬ್ಯಾಡ್ರಿ," ಎಂದು ಅವರು ಮೆತ್ತಗೆ ಕೋಲು ಅಡ್ಡ ಹಿಡಿದರು. "ನಿಂತವ್ರ ಹೆಸರು ಬರ್ಕೊಬೇಕಂತ ನೀವ ಹೇಳಿದ್ರಿ. ನನಗ ಬರಿಯಾಕ ಬರಂಗಿಲ್ಲ. ನೀವ ಬರ್ಕೊಂಡುಬಿಡ್ರಿ."

ನಾನು ಹಗ್ಗದ ಹಿಂದಕ್ಕೆ ಬಂದು, ಬಿಸಿಲಿನಲ್ಲಿ ನಿಂತು, ಟಿಪ್ಪಣಿ ಪುಸ್ತಕ ತೆಗೆದು, ಒಂದು ವರ್ಷದಿಂದ ತಿಳಿದುಬಾರದಿದ್ದ ಆ ಹೆಸರನ್ನು ತಂದೆಯ ಹೆಸರು ಸಹಿತ ಬರೆದೆ. ಅಕ್ಷರಗಳು ಮಾತ್ರ ತುಸು ಸಣ್ಣವಾದವು.