ಗೋಡೆಯ ರುಚಿ ನೋಡಿದ ಭಾವ

ನನ್ನ ಭಾವ, ಅಂದರೆ ನಿಮ್ಮ ಅಮ್ಮನ ದೊಡ್ಡಪ್ಪ, ಗೋಡೆಯನ್ನು ನೆಕ್ಕಿ ನೋಡಿದವರು. ಹೀಗೆಂದರೆ ನೀವು ನಗುತ್ತೀರಿ. ನಗಿ ಮಕ್ಕಳೇ. ನನಗೆ ಆಗ ನಗು ಬಂದಿರಲಿಲ್ಲ.

ಆ ಗೋಡೆ ಇದ್ದದ್ದು ಊರಿನಿಂದ ದೂರ, ಬಂಗಾಳದ ಈ ಬಾಲಿಗಂಜಿನ ಒಂದು ಹಳೆಯ ಬಾಡಿಗೆ ಮನೆಯ ಮೇಲಿನ ಮಾಳಿಗೆಯಲ್ಲಿ. ನಿಮ್ಮ ಅಜ್ಜ ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ ನನಗೆ ಇಪ್ಪತ್ತಾರು, ನಿಮ್ಮ ಅಮ್ಮನಿಗೆ ನಾಲ್ಕು. ಮದುವೆಯಾಗದ ಭಾವ ಅದೇ ಬೀದಿಯಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರ ಎರಡು ಕೋಣೆಗಳಲ್ಲಿ ಒಂದನ್ನು ನಮಗೆ ಬಿಟ್ಟುಕೊಟ್ಟರು. ಉಪಕಾರವೇ ಸರಿ. ಆದರೆ ಆ ಕೋಣೆಯ ಪಡುವಣ ಗೋಡೆ ವರ್ಷವಿಡೀ ಒದ್ದೆ. ಗಾರೆ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಒಂದು ಸಲ ಮಾಡಿನ ಗಾರೆಯೇ ಕಳಚಿ ಬಿದ್ದು ನನ್ನ ಅನ್ನದ ತಪ್ಪಲೆ ನೆಗ್ಗಿಹೋಯಿತು.

ನಿಮ್ಮ ಅಮ್ಮನ ಎದೆ ಹಗಲೂ ರಾತ್ರಿ ಗೊರಗೊರ ಎನ್ನುತ್ತಿತ್ತು. ಮುಂದಿನ ಮಳೆಗಾಲದೊಳಗೆ ಗೋಡೆ ಒಣಗಬೇಕು, ಇಲ್ಲದಿದ್ದರೆ ಮಗುವನ್ನು ಬೇರೆ ಕಡೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಬಿಟ್ಟರು. ನನಗೆ ಬೇರೆ ಕಡೆ ಎಂದರೆ ಉಡುಪಿಯ ಹತ್ತಿರದ ನನ್ನ ಅಣ್ಣನ ಮನೆ. ಅಣ್ಣ ಆಗಲೇ ಕಾಗದ ಬರೆದಿದ್ದ: ಬಂದುಬಿಡು, ಇಲ್ಲಿ ಅಡುಗೆಗೆ ಜನ ಸಾಲದು, ಹೆಣ್ಣುಮಗುವಿಗೆ ಶಾಲೆಯ ಚಿಂತೆ ಏಕೆ? ತಂಗಿಯ ಮೇಲಿನ ಪ್ರೀತಿ ಹೇಗೆ ಉಕ್ಕುತ್ತಿತ್ತು ನೋಡಿ! ನಾನು ಹಳ್ಳಿಯಲ್ಲಿ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳು ಅಷ್ಟಕ್ಕೇ ನಿಲ್ಲಬಾರದು ಎಂಬುದೊಂದೇ ಆಸೆ. ಅದು ಒಣಗದ ಒಂದು ಗೋಡೆಯ ಮೇಲೆ ನಿಂತಿತ್ತು.

ಇದನ್ನು ಭಾವನಿಗೆ ಹೇಳುವುದು ಹೇಗೆ? ಭಾವನೆದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳುತ್ತಿದ್ದೆ, ಒದ್ದೆ ಜಾಸ್ತಿಯಾಗಿದೆ ಎಂದು. ಅವರೂ ಗೋಡೆಯನ್ನೇ ನೋಡಿ ಉತ್ತರಿಸುತ್ತಿದ್ದರು, "ನೋಡುವ." ಇಬ್ಬರ ಮಾತನ್ನೂ ಒಂದೇ ಗೋಡೆ ಕೇಳಬೇಕಾದರೆ ಅದು ಬೆವರದೆ ಇನ್ನೇನು ಮಾಡೀತು?

ಕೊನೆಗೊಂದು ದಿನ ಗಾರೆ ಕೆಲಸದ ಮಿಸ್ತ್ರಿಯನ್ನು ಕರೆಸಿದರು. ಅವನು ಗೋಡೆಯನ್ನು ಬೆರಳಿನಿಂದ ತಟ್ಟಿ, ಇಟ್ಟಿಗೆಯ ಉಪ್ಪು ಮೇಲೆ ಬಂದಿದೆ ಎಂದ. ಉಪ್ಪಿನ ವಿಷಯದಲ್ಲಿ ಬೇರೆಯವರ ಮಾತನ್ನು ನಂಬುವ ಅಡುಗೆಯವರುಂಟೇ? ಭಾವ ಬಗ್ಗಿ ಗೋಡೆಗೆ ನಾಲಿಗೆ ತಾಗಿಸಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಚಪ್ಪರಿಸಿ, ಉಪ್ಪು ಹೌದು, ಆದರೆ ಅಷ್ಟೇನೂ ಹೆಚ್ಚಿಲ್ಲ ಎಂದು ತೀರ್ಪು ಕೊಟ್ಟರು. ಮಿಸ್ತ್ರಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಮೇಲೆ ಅವನು ಕಿಟಕಿಯಿಂದ ಹೊರಗೆ ಕೈ ತೋರಿಸಿದ. ಹೊರಗೋಡೆಯ ಬಿರುಕಿನಲ್ಲಿ ತೋಳುದ್ದದ ಅಶ್ವತ್ಥದ ಗಿಡ. ಬೇರು ಒಳಕ್ಕೆ ಇಳಿದಿದೆ, ಮೊದಲು ಇದನ್ನು ಕಡಿಯಬೇಕು ಎಂದ. ಭಾವ ಗಿಡಕ್ಕೆ ಕೈ ಮುಗಿದರು, ಮಿಸ್ತ್ರಿಗೆ ಕಾಫಿ ಕುಡಿಸಿ ಕಳಿಸಿಬಿಟ್ಟರು.

ಮರುದಿನದಿಂದ ಅವರೇ ಮಿಸ್ತ್ರಿ. ಹೋಟೆಲಿನ ಹಿಟ್ಟಿನ ಪಾತ್ರೆಯಲ್ಲಿ ಸುಣ್ಣ ನೆನೆಸಿದರು, ಬೆಲ್ಲದ ನೀರು ಸುರಿದರು, ಉದ್ದಿನಬೇಳೆ ರುಬ್ಬಿ ಬೆರೆಸಿದರು. ಊರಿನ ಹಳೆಯ ಮನೆಗಳನ್ನೆಲ್ಲ ಹೀಗೆಯೇ ಕಟ್ಟಿದ್ದಂತೆ. ಹುದುಗು ಬರಲಿ ಎಂದು ಮುಚ್ಚಿಟ್ಟದ್ದು ಮಾತ್ರ ಅವರದೇ ಸೇರ್ಪಡೆ! ಕರಣೆ ಕೈಗೆ ಒಗ್ಗದೆ ದೋಸೆಯ ಸಟ್ಟುಗದಿಂದಲೇ ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ ಹರಡಿದರು. ಗೋಡೆ ತುಂಬ ದೋಸೆಗಳು. ಮೂರನೆಯ ದಿನ ಬಾಲಿಗಂಜಿನ ಇರುವೆಗಳೆಲ್ಲ ಊಟಕ್ಕೆ ಬಂದವು. ಹದ ಸರಿಯಾಗಿದೆ, ಅದಕ್ಕೇ ಬಂದಿವೆ ಎಂದು ಭಾವ ಗೋಡೆಗೆ ಹೇಳಿದರು. ವಾರದೊಳಗೆ ಗಾರೆ, ಇರುವೆ ಎಲ್ಲವೂ ಸೇರಿ ಮಗುವಿನ ಹಾಸಿಗೆಯ ಮೇಲೆ ಜಾರಿ ಬಿದ್ದವು. ವಿದ್ಯೆ ಅವರದು, ಪೊರಕೆ ನನ್ನದು.

ಚಳಿಗಾಲ ಬಂತು. ಹನಿ ಮಳೆಯಿಲ್ಲ, ಆದರೂ ಗೋಡೆ ಒದ್ದೆ. ಅದರಲ್ಲೂ ಭಾನುವಾರ ಹೆಚ್ಚು ಒದ್ದೆ! ವಾರ ನೋಡಿ ಒಸರುವ ಗೋಡೆಯೂ ಇರುತ್ತದೆಯೇ? ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಭಾವ ಒದ್ದೆ ಪಂಚೆಯುಟ್ಟು, ಕಟ್ಟೆಯ ಮೇಲಿಂದ ಬಗ್ಗಿ, ಕೆಳಗಿನ ಅಶ್ವತ್ಥದ ಗಿಡಕ್ಕೆ ಬಾಲ್ದಿಗಟ್ಟಲೆ ನೀರು ಸುರಿಯುತ್ತಿದ್ದರು. ಗೋಡೆಯಲ್ಲಿ ನೇತಾಡುವ ಗಿಡಕ್ಕೆ ಪ್ರದಕ್ಷಿಣೆ ಹಾಕುವಂತಿಲ್ಲವಲ್ಲ, ಅದಕ್ಕೆ ನಿಂತಲ್ಲೇ ತಾವೇ ಬುಗುರಿಯಂತೆ ಸುತ್ತುತ್ತಿದ್ದರು. ಎದುರು ತಾರಸಿಯ ಬಂಗಾಳಿ ಹೆಂಗಸರು ತಲೆ ಬಾಚುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಹೊರಗಿನಿಂದ ನೀರೆರೆದು ಒಳಗಿನಿಂದ ಗಾರೆ ಬಳಿಯುವವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನನ್ನ ಮೈ ಉರಿದುಹೋಯಿತು. ಮರೆಯಲ್ಲಿ ನಿಲ್ಲಲು ಅಲ್ಲಿ ಬಾಗಿಲಿರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಅವರ ಮುಂದೆ ಹೋಗಿ ನಿಂತೆ.

"ಭಾವ, ನಿಮಗೆ ಮಗು ಬೇಕಾ, ಆ ಗಿಡ ಬೇಕಾ?"

ಅವರು ಬಾಲ್ದಿ ಕೆಳಗಿಟ್ಟರು. "ಅಶ್ವತ್ಥ ಕಡಿದವನ ಮಕ್ಕಳಿಗೆ ಒಳ್ಳೆಯದಾಗುದಿಲ್ಲ ಅಂತಾರೆ, ಮಾರಾಯ್ತಿ."

"ನಿಮಗೆ ಮಕ್ಕಳೆಲ್ಲಿದ್ದಾರೆ?" ಎಂದೆ.

ಬೇಕೆಂದೇ ಆಡಿದ ಮಾತು ಅದು. ಅವರು ಬಾಲ್ದಿ ಎತ್ತಿಕೊಂಡು ಇಳಿದುಹೋದರು.

ಮರುದಿನ ಹೋಟೆಲಿನ ತೆಂಗಿನಕಾಯಿ ಒಡೆಯುವ ಕತ್ತಿ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ಕಿಟಕಿಯಿಂದ ಕೈ ಚಾಚಿದರೆ ಗಿಡ ಸಿಗುತ್ತಿತ್ತು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹಿಂದೆ ನಿಂತಿದ್ದೆ. ಭಾವ ಗಿಡಕ್ಕೆ ಕೈ ಮುಗಿದು ಗಟ್ಟಿಯಾಗಿ ಹೇಳಿದರು, "ಈ ಮಗು ನನ್ನದಲ್ಲ. ತಮ್ಮನದು." ದೋಷ ಅವಳಿಗೆ ತಟ್ಟದಿರಲೆಂದು ಮೂರು ಸಲ ಹೇಳಬೇಕೆಂದುಕೊಂಡು ಬಂದಿದ್ದರು. ಎರಡನೆಯ ಸಲ ಹೇಳುವಾಗ ಸ್ವರ ಇಳಿದಿತ್ತು. ಮೂರನೆಯ ಸಲ "ಈ ಮಗು" ಎಂದವರು ಅಲ್ಲಿಗೇ ನಿಂತುಬಿಟ್ಟರು.

"ಸುಳ್ಳು ಹೇಳುದು ಬೇಡ ಭಾವ," ಎಂದೆ. "ಕತ್ತಿ ಇಲ್ಲಿ ಕೊಡಿ."

ಗಿಡವನ್ನು ನಾನೇ ಕಡಿದೆ. ಮಿಸ್ತ್ರಿ ಬಂದು ಬೇರು ಕಿತ್ತು ಹೊಸ ಗಾರೆ ಹಾಕಿದ. ಮಳೆಗಾಲ ಬರುವಷ್ಟರಲ್ಲಿ ಗೋಡೆ ಒಣಗಿತ್ತು, ನಿಮ್ಮ ಅಮ್ಮ ಇಲ್ಲಿಯೇ ಶಾಲೆಗೆ ಸೇರಿದಳು. ಅಣ್ಣನಿಗೆ ಬರುವುದಿಲ್ಲ ಎಂದು ಬರೆದೆ. ಆ ದಿನವೆಂದರೆ ನನ್ನ ಕಣ್ಣಿಗೆ ಕಟ್ಟುವುದು ಭಾವನ ಬೆನ್ನು. ನಾನು ಕಡಿದು ಮುಗಿಸುವವರೆಗೂ ಅವರು ಮಗುವನ್ನು ಎದೆಗವಚಿಕೊಂಡು, ಅವಳಿಗೂ ಆ ಗಿಡಕ್ಕೂ ನಡುವೆ ತಮ್ಮ ಬೆನ್ನು ಅಡ್ಡ ಕೊಟ್ಟು ನಿಂತಿದ್ದರು.