ಅವ್ವ ಕೇಳಿದ ಒಂದು ಪಾವಟಿಗೆ

ಕಂಡವರಿಗೆಲ್ಲ ಬದುಕನ್ನು ಹಗುರ ಮಾಡಿಕೊಳ್ಳುವ ಉಪಾಯ ಹೇಳುವುದು ನನ್ನ ಚಟ. ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆ ಮಾಡುತ್ತಿರುವುದರಿಂದ ಕೇಳುವವರಿಗೇನೂ ಕೊರತೆಯಿಲ್ಲ. ಪಾಪ, ಅವರು ಎದ್ದು ಹೋಗುವಂತೆಯೂ ಇಲ್ಲ. ಕೀಲಿಕೈಗೊಂದು ಮೊಳೆ ಹೊಡೆಯಿರಿ, ನಾಳಿನ ಅಂಗಿ ಇಂದೇ ತೆಗೆದಿಡಿ ಎಂಬಂಥವನ್ನು ಫೋನಿನಲ್ಲಿ ಹುಡುಕಿ ಮನೆಯಲ್ಲೂ ಗಟ್ಟಿಯಾಗಿ ಓದುತ್ತೇನೆ. ಒಂದು ದಿನ ಹೀಗೆ ಓದುತ್ತಿರುವಾಗ ಅವ್ವ, "ಅದರಾಗ ಪಾವಟಿಗಿ ಬಗ್ಗೆ ಏನರ ಬರದಾರೇನಪಾ?" ಎಂದಳು.

ಮಾತಿನಲ್ಲಿ ಮುಳ್ಳಿತ್ತು. ಗಟಾರು ಅಗೆದಾಗ ನಮ್ಮ ಬಾಗಿಲ ಮುಂದಿನ ಪಾವಟಿಗೆ, ಅಂದರೆ ಮೆಟ್ಟಿಲು, ಕಿತ್ತುಹೋಗಿತ್ತು. ಮೊಣಕಾಲು ನೋವಿನ ಅವ್ವನಿಗೆ ಹೊಸ್ತಿಲಿನಿಂದ ಬೀದಿಗೆ ಇಳಿಯಲಾಗದು. ನಾನೇನು ಸುಮ್ಮನಿರಲಿಲ್ಲ, ಹೊಸ ಮೆಟ್ಟಿಲಿನ ಚಿತ್ರ ಬರೆದಿದ್ದೆ. ಕಲ್ಲು ಯಾವುದು, ಹಿಡಿಕೆ ಎಡಕ್ಕೋ ಬಲಕ್ಕೋ ಎಂಬ ವಿಚಾರದಲ್ಲಿ ಮೂರು ತಿಂಗಳು ಕಳೆದಿದ್ದವು. ಅಷ್ಟು ದಿನವೂ ಅವ್ವ ಹೊಸ್ತಿಲ ಮೇಲೆ, ಅವಳ ಗೆಳತಿ ಗಂಗವ್ವ ಎದುರುಮನೆಯ ಕಟ್ಟೆಯ ಮೇಲೆ. ಇಬ್ಬರಿಗೂ ಕಿವಿ ಮಂದ. "ನಮ್ಮ ಹುಡುಗಗ ಮೂರ ದಿನದಿಂದ ಹೊಟ್ಟಿ ಕೆಟ್ಟೈತಿ!" ಎಂದು ಅವ್ವ ಕೂಗಿದ ಮರುದಿನ ಶಾಲೆಯಲ್ಲಿ ಹೆಡ್‌ಮಾಸ್ತರರು, "ಈಗ ಹೆಂಗೈತ್ರಿ ಹೊಟ್ಟಿ?" ಎಂದು ಕೇಳಿದರು. ಆ ಹುಡುಗನಿಗೆ ಐವತ್ತೆರಡು ವರ್ಷ.

ಒಂದು ಬೆಳಿಗ್ಗೆ ಎದುರು ಕಟ್ಟೆ ಖಾಲಿ. ಗಂಗವ್ವನಿಗೆ ಜ್ವರವೆಂದು ಖಬರು ಬಂತು. ಅವ್ವ ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲು ಕೆಳಗೆ ಬಿಟ್ಟಳು, ಮತ್ತೆ ಮೇಲಕ್ಕೆಳೆದುಕೊಂಡಳು.

"ಕೈ ಹಿಡಿತೀನಿ, ಇಳಿ ಯವ್ವಾ" ಎಂದೆ.

"ದಿನಾ ಹಿಡಿಯಾಕ ನೀ ಮನ್ಯಾಗ ಇರ್ತೀಯೇನು?" ಅವಳ ಕಣ್ಣು ತುಂಬಿತ್ತು. ನಾನು ಅಳತೆಯ ಟೇಪು ಹುಡುಕತೊಡಗಿದೆ.

ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿತ್ತಿಲಿಗೆ ನಡೆದಳು. ವಾಷಿಂಗ್ ಮಷೀನು ಬಂದಾಗಿನಿಂದ ಬಟ್ಟೆ ಒಗೆಯುವ ಕಲ್ಲು ಅಲ್ಲಿ ಕೆಲಸವಿಲ್ಲದೆ ಬಿದ್ದಿತ್ತು. "ಅಳತಿ ಆಮ್ಯಾಲ ಮಾಡೀರಂತ, ಆ ಕಡೆ ಹಿಡೀರಿ" ಎಂದಳು. ಎಳೆದು ತಂದು ಬಾಗಿಲಿಗೆ ಒತ್ತಿ ಇಟ್ಟೆವು. ಅಲುಗದಂತೆ ಇಟ್ಟಂಗಿ ಚೂರು ತುರುಕಿ, ಅವಳೇ ಮೇಲೆ ನಿಂತು ಎರಡು ಸಲ ಜಿಗಿದಳು. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಅವ್ವ ಇಳಿದಳು. ನಮ್ಮತ್ತ ನೋಡದೆ ಬೀದಿ ದಾಟಿದಳು. ತಾಸಿನ ಮೇಲೆ ಬಂದು, "ನನ್ನ ಕೈಲೆ ಗಂಜಿ ಕುಡದ್ಲು" ಎಂದಷ್ಟೇ ಹೇಳಿ ಶಾಂತಾಳ ತಲೆ ನೇವರಿಸಿದಳು.

ಗಂಗವ್ವ ಚೇತರಿಸಿಕೊಂಡ ಮೇಲೆ ಒಂದು ಸಂಜೆ ಹೆಡ್‌ಮಾಸ್ತರರು ಮನೆಗೆ ಬಂದರು. ಕಲ್ಲಿನ ಮೇಲೆ ನಿಂತು, "ಭಾಳ ಛಲೋ ಆತ್ರಿ. ಯಾರ ತಲ್ಯಾಗ ಬಂತ್ರಿ ಇದು?" ಎಂದು ಗಟ್ಟಿಯಾಗಿ ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿ, "ಏನೋ ನಾವ, ಸಣ್ಣದೊಂದು..." ಎಂದು ಶುರು ಮಾಡಿದ್ದೆನಷ್ಟೆ. ಎದುರು ಕಟ್ಟೆಯ ಮೇಲೆ ಗಂಗವ್ವನ ಪಕ್ಕದಲ್ಲಿ ಕುಳಿತಿದ್ದ ಅವ್ವ ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಅಂವಾ ಬರೇ ಚಿತ್ರ ತಗದಾನ್ರಿ. ಕಲ್ಲು ಇಟ್ಟಾಕಿ ನನ್ನ ಸೊಸಿ!"